ನಾದಿನಿ 32 ವಾರದ ಗರ್ಭಿಣಿ, ಮನೇಲಿ ಒಂದು ಬಿಪಿ, ಆಸ್ಪತ್ರೇಲಿ ಇನ್ನೊಂದು: ಯಾವುದನ್ನ ನಂಬೋದು?

ಪ್ರಶ್ನೆ: ಆಸ್ಪತ್ರೇಲಿ 146/94, ಮನೆ ಮಿಷನ್‌ನಲ್ಲಿ 158/100. ಬಿಪಿಗೆ ಲ್ಯಾಬೆಟಲಾಲ್ ಮಾತ್ರೆ, 100 ಮಿ.ಗ್ರಾಂ.ನದು ದಿನಕ್ಕೆರಡು ಬರೆದಿದ್ದಾರೆ. ಅತ್ತೆ ಉಪ್ಪು ಬಿಡಿಸಿದ್ದಾರೆ. ತಿಳಿದವರು ಹೇಳಿ.

ಸಿಸ್ಟರ್, ತೀರ್ಥಹಳ್ಳಿ ಕಡೆ: ಮೊದಲು ಟೈಲರ್ ಟೇಪ್‌ನಲ್ಲಿ ತೋಳು ಅಳೀರಿ. ಮಿಷನ್ ಜೊತೆ ಬರೋ ಕಫ್ (ತೋಳಿಗೆ ಸುತ್ತೋ ಪಟ್ಟಿ) ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿಗೆ. 35ರ ತೋಳಿಗೆ ಅದನ್ನೇ ಬಿಗಿದರೆ ರೀಡಿಂಗ್ ಸುಮ್ಮನೆ ಏರತ್ತೆ. ದೊಡ್ಡ ಕಫ್‌ಗೆ ಬೇರೆ ದುಡ್ಡು, ಜನ ಉಳಿಸೋದು ಅಲ್ಲೇ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಮಾತಾಡದೆ ಕೂರಬೇಕು. ತೋಳು ಎದೆ ಮಟ್ಟಕ್ಕೆ, ದಿಂಬಿನ ಮೇಲೆ. ನಿಮಿಷ ಬಿಟ್ಟು ಎರಡು ಸಲ.

ಮೆಡಿಕಲ್ ಶಾಪ್‌ನವ: ಕಫ್ ಪುರಾಣ ಸಾಕು ಸಿಸ್ಟರ್. ಆಸ್ತಮಾ ಇದೆಯಾ ಅಂತ ಕೇಳಿದ್ರಾ? ಇದ್ದರೆ ಲ್ಯಾಬೆಟಲಾಲ್ ಆಗಲ್ಲ, ಡಾಕ್ಟರಿಗೆ ಹೇಳಿ ನಿಫೆಡಿಪಿನ್ ರಿಟಾರ್ಡ್ (ನಿಧಾನಕ್ಕೆ ಕರಗೋ ಬಿಪಿ ಮಾತ್ರೆ) ಬರೆಸಬೇಕು. ಇನ್ನು ಮಾವನ ಟೆಲ್ಮಿಸಾರ್ಟನ್ ‘ಅದೂ ಬಿಪಿ ಮಾತ್ರೆ ತಾನೇ’ ಅಂತ ನುಂಗಿಸೋರಿದ್ದಾರೆ. ಮಗುವಿನ ಕಿಡ್ನಿಗೆ ಪೆಟ್ಟು, ಗರ್ಭದ ನೀರು ಇಳಿದುಹೋಗತ್ತೆ.

ಸಿಸ್ಟರ್: ಪುರಾಣ ಅಲ್ಲ. ಸುಳ್ಳು ರೀಡಿಂಗ್ ನೋಡಿ ಡೋಸ್ ಏರಿಸಿ ಬಿಪಿ ತೀರಾ ಇಳಿಸಿದರೆ ಮಾಸಿಗೆ ರಕ್ತ ಸಾಲಲ್ಲ, ಮಗು ಬೆಳೆಯಲ್ಲ. ರೀಡಿಂಗ್ ತಪ್ಪೋ ಮಣಿಕಟ್ಟಿನ ಮಿಷನ್ ಮಾರೋರೂ ನೀವೇ ತಾನೇ? ಹಾಗಂತ ಮಾತ್ರೆ ಬಿಡಿಸಬೇಡಿ, 146/94 ಕೂಡ 140/90 ದಾಟಿದ್ದೇ.

ಲೇಬರ್ ವಾರ್ಡ್ ಡ್ಯೂಟಿ: ಮೂತ್ರದ ಪ್ರೋಟೀನ್ ಒಬ್ಬರೂ ಎತ್ತಲಿಲ್ಲ! ಕಡ್ಡಿ ಟೆಸ್ಟ್‌ನಲ್ಲಿ 1+ ಬಂದರೆ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ, 0.3 ಮುಟ್ಟಿದರೆ ಪ್ರಿಎಕ್ಲಾಂಪ್ಸಿಯಾ, ಅಂದರೆ ಫಿಟ್ಸ್‌ಗೂ ತಿರುಗಬಹುದಾದ ಗರ್ಭಿಣಿಯರ ಬಿಪಿ ಕಾಯಿಲೆ. ಜೊತೆಗೆ ಪ್ಲೇಟ್‌ಲೆಟ್, ಲಿವರ್ ಟೆಸ್ಟ್, ಮಗುವಿಗೆ ರಕ್ತ ಹರಿಯೋದನ್ನ ನೋಡೋ ಡಾಪ್ಲರ್ ಸ್ಕ್ಯಾನ್. ಮೇಲಿನದು 160 ಆಗಲಿ ಕೆಳಗಿನದು 110 ಆಗಲಿ ಬಂದು 15 ನಿಮಿಷಕ್ಕೂ ಇಳಿಯದಿದ್ದರೆ 108ಕ್ಕೆ ಫೋನ್. ಬಿಡದ ತಲೆನೋವು, ಕಣ್ಣೆದುರು ಮಿಂಚು, ಬಲ ಪಕ್ಕೆ ಕೆಳಗೆ ನೋವು ಬಂದರೆ ರೀಡಿಂಗ್ ಕಾಯಬೇಡಿ. ಆ ಪಕ್ಕೆ ನೋವಿಗೆ ‘ಗ್ಯಾಸು’ ಅಂತ ಸೋಡಾ ಕುಡಿಸಿ ರಾತ್ರಿ ಕಳೀತಾರೆ, ಅದು ಲಿವರ್ ಊದಿರೋ ನೋವು. ಫಿಟ್ಸ್ ತಡೆಯೋಕೆ ಆಸ್ಪತ್ರೇಲಿ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್: ನರಕ್ಕೆ 4 ಗ್ರಾಂ, ಎರಡೂ ಪಿರ್ರೆಗೆ 5-5. ಮುಂದಿನ ಡೋಸ್‌ಗೆ ಮುಂಚೆ ಮಂಡಿ ತಟ್ಟಿ ನೋಡಬೇಕು, ಕಾಲು ಚಿಮ್ಮದಿದ್ದರೆ ಕೊಡಬಾರದು.

ಮೆಡಿಕಲ್ ಶಾಪ್‌ನವ: ಮಣಿಕಟ್ಟಿನದು ನಮ್ಮಲ್ಲಿ ಇಟ್ಟೇ ಇಲ್ಲ, ಮಾತು ವಾಪಸ್ ತಗೊಳ್ಳಿ.

ಸಿಸ್ಟರ್: ತಗೊಂಡೆ. ಹೆರಿಗೆ ಆದ 3ರಿಂದ 6ನೇ ದಿನಕ್ಕೆ ಬಿಪಿ ಮತ್ತೆ ಏರತ್ತೆ, ಅಷ್ಟೊತ್ತಿಗೆ ಬಾಣಂತಿ ತವರಲ್ಲಿ, ಮಿಷನ್ ಗಂಡನ ಮನೇಲಿ.

ಪ್ರಶ್ನೆ ಕೇಳಿದವರು: ತೋಳು 34. ಉಪ್ಪು?

ಲೇಬರ್ ವಾರ್ಡ್ ಡ್ಯೂಟಿ: ಸಾರಿಗೆ ಹಾಕಿ. ಈ ಬಿಪಿ ಉಪ್ಪು ಬಿಟ್ಟರೆ ಇಳಿಯಲ್ಲ.