ಗಡ್ಡ, ಮೀಸೆ ಮತ್ತು ಧಣಿಗಳು: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕ: ಎಲ್ಲರಿಗೂ ನಮಸ್ಕಾರ. ಕಳೆದ ವಾರ ಹಂಪನಕಟ್ಟೆಯ ಸದಸ್ಯರೊಬ್ಬರು ತಮ್ಮ ಬಟ್ಟೆ ಅಂಗಡಿಯ ಸುತ್ತೋಲೆಯ ಚಿತ್ರ ಹಾಕಿದ್ದರು. “ಗಡ್ಡ ಬಿಟ್ಟವರು, ಕಿವಿಗೆ ಒಂಟಿ ಹಾಕಿದವರು ಕೌಂಟರಿಗೆ ಬರಬಾರದು” ಎಂದು ಅದರಲ್ಲಿತ್ತು. ಅಂದಿನಿಂದ ಗುಂಪಿನಲ್ಲಿ ಬೇರೆ ಮಾತೇ ಇಲ್ಲ. ಹಾಗಾಗಿ ಮಂಗಳೂರಿನಲ್ಲಿ ಕಾರ್ಮಿಕರ ಮೊಕದ್ದಮೆಗಳನ್ನು ನಡೆಸುವ ವಕೀಲರೊಬ್ಬರನ್ನು ಕರೆದಿದ್ದೇವೆ. ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಇರುತ್ತಾರೆ. ಅಂಗಡಿ, ಕಂಪನಿಗಳ ಹೆಸರು ಹಾಕಬೇಡಿ. ಒಬ್ಬರಿಗೆ ಒಂದೇ ಪ್ರಶ್ನೆ.

ವಕೀಲರು: ನಮಸ್ಕಾರ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿಕೊಂಡರೆ ನಮಗೆಲ್ಲ ಸಮಯ ಉಳಿಯುತ್ತದೆ.

ಕೌಂಟರ್ ನಾಲ್ಕು: ಮೇಡಂ, ಆ ಸುತ್ತೋಲೆ ಹಾಕಿದವನು ನಾನೇ. ಒಂಬತ್ತು ವರ್ಷದಿಂದ ಅದೇ ಅಂಗಡಿಯಲ್ಲಿ ಸೀರೆ ವಿಭಾಗದಲ್ಲಿದ್ದೇನೆ, ಸಂಬಳ 16,000. ಸೇರುವಾಗಲೇ ನನಗೆ ಗಡ್ಡವಿತ್ತು. ಹೊಸ ಮ್ಯಾನೇಜರ್ ಬಂದ ಮೇಲೆ ಗಡ್ಡ ಬೋಳಿಸದೆ ಬಂದ ದಿನಕ್ಕೆ 200 ರೂಪಾಯಿ ದಂಡ ಎಂದರು. ಈ ತಿಂಗಳು ಹದಿಮೂರು ದಿನದ್ದು ಸೇರಿ 2,600 ಹಿಡಿದಿದ್ದಾರೆ. ಈಗ ಒಂದು ಕಾಗದವನ್ನು ತಂದು ಸಹಿ ಹಾಕು ಎನ್ನುತ್ತಿದ್ದಾರೆ. ನಾನು ಸ್ವಇಚ್ಛೆಯಿಂದ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ಅದರಲ್ಲಿ ಬರೆದಿದೆ. ಗಡ್ಡ ಇಡುವುದು ನನ್ನ ಹಕ್ಕಲ್ಲವೇ?

ವಕೀಲರು: ಗಡ್ಡದ ಮಾತನ್ನು ಮೊದಲು ಮುಗಿಸುತ್ತೇನೆ, ನಿಮಗೆ ಇಷ್ಟವಾಗಲಿಕ್ಕಿಲ್ಲ. ನೌಕರರು ಅಚ್ಚುಕಟ್ಟಾಗಿ ಕಾಣಿಸಬೇಕೆಂದು ಖಾಸಗಿ ಅಂಗಡಿಯವರು ಒಂದು ಮಟ್ಟಿಗೆ ಹೇಳಬಹುದು. ಹೇಳಬಾರದು ಎನ್ನುವ ನೇರ ಕಾಯ್ದೆ ನಮ್ಮಲ್ಲಿ ಇಲ್ಲ. ಅಭಿವ್ಯಕ್ತಿ, ಬದುಕು, ಧರ್ಮದ ಸ್ವಾತಂತ್ರ್ಯ ಕೊಡುವ ಸಂವಿಧಾನದ 19, 21, 25ನೇ ವಿಧಿಗಳು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುವಂಥವು. ಸೀರೆ ಮಾರುವ ಧಣಿಯ ಮುಂದೆ ಅವುಗಳನ್ನು ಹಿಡಿದು ನಿಂತರೆ ವಾದ ಬಹಳ ದೂರ ಸಾಗುವುದಿಲ್ಲ.

ಆದರೆ ಒಂಬತ್ತು ವರ್ಷ ಆ ಗಡ್ಡವನ್ನು ನೋಡಿಕೊಂಡೇ ಸಂಬಳ ಕೊಟ್ಟವರು ಬೆಳಗಾಗುವುದರೊಳಗೆ ನಿಯಮ ಬದಲಾಯಿಸಿದ್ದಾರೆ. ಶಿಸ್ತಿನ ಹೊಸ ನಿಯಮವನ್ನು ತರುವುದಾದರೆ 21 ದಿನ ಮೊದಲು ನೋಟಿಸ್ ಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಇದು ಇತ್ತು, 2025ರ ನವೆಂಬರ್ 21ರಿಂದ ಜಾರಿಯಾಗಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ನಿಮಗೆ ಆ ನೋಟಿಸ್ ಬಂದಿದೆಯೇ? ಗೋಡೆಗೆ ಅಂಟಿಸಿದ ಚೀಟಿಯನ್ನು ನೋಟಿಸ್ ಎನ್ನಬೇಡಿ.

ಇನ್ನು ದುಡ್ಡು. ಇಲ್ಲಿ ನಿಮ್ಮ ಮ್ಯಾನೇಜರ್ ಸರಿಯಾಗಿ ಸಿಕ್ಕಿಬಿದ್ದಿದ್ದಾರೆ. ಮನಸ್ಸಿಗೆ ಬಂದದ್ದಕ್ಕೆಲ್ಲ ದಂಡ ಹಾಕಲು ಯಾವ ಮಾಲೀಕನಿಗೂ ಅಧಿಕಾರವಿಲ್ಲ. ಯಾವ ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಸರ್ಕಾರದ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು, ಆ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು, ದಂಡ ಹಾಕುವ ಮುನ್ನ ನಿಮ್ಮ ಮಾತನ್ನು ಕೇಳಬೇಕು, ಆಮೇಲೆ ರಿಜಿಸ್ಟರಿನಲ್ಲಿ ಬರೆಯಬೇಕು. ಇಷ್ಟೆಲ್ಲ ಮಾಡಿದರೂ ಒಂದು ತಿಂಗಳಿನ ಒಟ್ಟು ದಂಡ ಆ ತಿಂಗಳ ವೇತನದ ನೂರಕ್ಕೆ ಮೂರನ್ನು ದಾಟಬಾರದು. ನಿಮ್ಮ ಲೆಕ್ಕದಲ್ಲಿ ಅದು 480 ರೂಪಾಯಿ. ಅವರು ಹಿಡಿದದ್ದು ಅದರ ಐದು ಪಟ್ಟಿಗಿಂತ ಹೆಚ್ಚು. ಇನ್ನೊಂದು ಸಂಗತಿ ಹೆಚ್ಚಿನ ಧಣಿಗಳಿಗೇ ಗೊತ್ತಿಲ್ಲ: ದಂಡದ ಹಣವನ್ನು ನೌಕರರ ಉಪಯೋಗಕ್ಕೇ ಖರ್ಚು ಮಾಡಬೇಕು, ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯ ಈ ಮಾತುಗಳು 2019ರ ವೇತನ ಸಂಹಿತೆಗೂ ಬಂದಿವೆ. ಸಂಬಳದ ಚೀಟಿ, ಸುತ್ತೋಲೆಯ ಚಿತ್ರ, ಬ್ಯಾಂಕಿಗೆ ಬಿದ್ದ ಮೊತ್ತ, ಮೂರನ್ನೂ ತೆಗೆದುಕೊಂಡು ಕಾರ್ಮಿಕ ಇಲಾಖೆಗೆ ಹೋಗಿ.

ಕಾಗದಕ್ಕೆ ಸಹಿ ಹಾಕಬೇಡಿ. ಆರು ತಿಂಗಳು ಮೀರಿ ಕೆಲಸ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ ಎಂದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಆ ತೊಂದರೆಯೇ ಬೇಡವೆಂದು ನಿಮ್ಮ ಕೈಯಿಂದಲೇ ಬರೆಸಿಕೊಳ್ಳುತ್ತಿದ್ದಾರೆ.

ಬಜ್ಪೆ ಬೈಪಾಸ್: ಖಾಸಗಿ ಕಂಪನಿಯವರು ಗಡ್ಡ ತೆಗೆಯಿರಿ ಎಂದು ಹೇಳಬಹುದೇ ಮೇಡಂ?

ವಕೀಲರು: ಮೇಲೆ ಓದಿ.

ಒಳ್ಳೆಯ ಸುದ್ದಿ: ಫಾರ್ವರ್ಡ್ ಬಂದದ್ದು, ಎಲ್ಲರಿಗೂ ಉಪಯೋಗವಾಗಲಿ: “ಸುಪ್ರೀಂ ಕೋರ್ಟ್ ಮಹತ್ವದ ಆದೇಶ! ನೌಕರನ ಗಡ್ಡ ತೆಗೆಸಿದರೆ ಮಾಲೀಕನಿಗೆ 3 ವರ್ಷ ಜೈಲು. ಗಡ್ಡ ನನ್ನ ನಂಬಿಕೆ ಎಂದು 20 ರೂಪಾಯಿ ಛಾಪಾ ಕಾಗದದಲ್ಲಿ ನೋಟರಿ ಮಾಡಿಸಿ ಕೊಟ್ಟರೆ ಸಾಕು, ಯಾರೂ ಮುಟ್ಟುವಂತಿಲ್ಲ. ಹತ್ತು ಜನರಿಗೆ ಕಳುಹಿಸಿ.”

ವಕೀಲರು: ಹತ್ತು ಜನರಿಗೆ ಕಳುಹಿಸಬೇಡಿ. ಅಂಥ ಆದೇಶವಿಲ್ಲ. ನೋಟರಿ ಮುದ್ರೆ ಬಿದ್ದ ಮಾತ್ರಕ್ಕೆ ನಿಮ್ಮ ಬಯಕೆ ಕಾನೂನಾಗುವುದಿಲ್ಲ. ಅಲ್ಲಿ ಬರೆದದ್ದಕ್ಕೆ ಸಹಿ ಹಾಕಿದವರು ನೀವೇ ಎಂದಷ್ಟೇ ಅದು ಹೇಳುತ್ತದೆ. ನಿಜವಾಗಿ ಇರುವುದು ಇಷ್ಟು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2014ರ ತೀರ್ಪಿನಲ್ಲಿ, ವ್ಯಕ್ತಿಯ ತೋರಿಕೆ ಮತ್ತು ಉಡುಪಿನ ಆಯ್ಕೆಯನ್ನು 19(2)ನೇ ವಿಧಿಯ ಮಿತಿಗಳ (ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮೊದಲಾದವು) ಹೊರತು ನಿರ್ಬಂಧಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ವಾದಕ್ಕೆ ಒಳ್ಳೆಯ ಮಾತು. ಆದರೆ 2016ರ ಡಿಸೆಂಬರ್‌ನಲ್ಲಿ ಗಡ್ಡದ ಪ್ರಕರಣವೇ ಅದೇ ನ್ಯಾಯಾಲಯದ ಮುಂದೆ ಬಂದಾಗ ವಾಯುಪಡೆಯ ನೌಕರ ಸೋತರು. ಗಡ್ಡ ಬಿಟ್ಟದ್ದಕ್ಕಾಗಿ ಅವರನ್ನು ಸೇವೆಯಿಂದ ತೆಗೆದದ್ದನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಹಡಗಿನ ಅಜ್ಜ: ನೌಕಾಪಡೆಯಲ್ಲಿ ಅನುಮತಿ ಪಡೆದು ಪೂರ್ತಿ ಗಡ್ಡ ಇಡಬಹುದು. ಕಾರವಾರದಲ್ಲಿದ್ದಾಗ ನಾನೂ ಇಟ್ಟಿದ್ದೆ. ವಾಯುಪಡೆಗೆ ಏನು ಕಷ್ಟವೋ!

ತೆಂಕುತಿಟ್ಟು: ಅಜ್ಜಾ, ಪಡೆ ಬೇರೆ, ಬಟ್ಟೆ ಅಂಗಡಿ ಬೇರೆ.

ಹಡಗಿನ ಅಜ್ಜ: ಗಡ್ಡ ಒಂದೇ ಅಲ್ಲವೇ ಮಾರಾಯರೇ.

ಮಲ್ಪೆ ಐಸ್: ಅಕ್ಕಾ, ನಾನು ಮಲ್ಪೆ ಕಡೆಯ ಒಂದು ಐಸ್ ಪ್ಲಾಂಟಿನಲ್ಲಿ ಯಂತ್ರದ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ಅಯ್ಯಪ್ಪ ಮಾಲೆ ಹಾಕಿದ್ದೇನೆ, 41 ದಿನ ಕ್ಷೌರವಿಲ್ಲ. ಮಾಸ್ಕ್ ಸರಿಯಾಗಿ ಕೂರುವುದಿಲ್ಲ, ಗಡ್ಡ ತೆಗೆ ಎಂದು ಮೇಲ್ವಿಚಾರಕರು ಹಟ ಹಿಡಿದಿದ್ದಾರೆ. ಇದು ಧರ್ಮಕ್ಕೆ ಅಡ್ಡಿ, ಕೇಸು ಹಾಕು ಎಂದು ಅಣ್ಣ ಹೇಳುತ್ತಾನೆ. ಏನು ಮಾಡಲಿ?

ವಕೀಲರು: ಕೇಸು ಆಮೇಲೆ. ನೀವು ಐಸ್ ಮಾಡಲು ಬಳಸುವ ಅಮೋನಿಯಾ ಅನಿಲದ ಪಕ್ಕದಲ್ಲಿ ನಿಂತು ಕೆಲಸ ಮಾಡುವವರು, ಅದು ಮೊದಲು.

ಈ ಒಂದು ವಿಷಯದಲ್ಲಿ ನಾನು ಮೇಲ್ವಿಚಾರಕರ ಕಡೆ. ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕಿನ ರಬ್ಬರ್ ಅಂಚು ಚರ್ಮಕ್ಕೆ ಅಂಟಿಕೊಂಡರೆ ಮಾತ್ರ ಅದು ಕೆಲಸ ಮಾಡುತ್ತದೆ. ನಡುವೆ ಕೂದಲು ಬಂದರೆ ಸಂದಿಯಾಗುತ್ತದೆ, ಉಸಿರೆಳೆದಾಗ ಗಾಳಿ ಫಿಲ್ಟರಿನ ದಾರಿ ಬಿಟ್ಟು ಆ ಸಂದಿಯಿಂದ ಒಳಗೆ ಬರುತ್ತದೆ. ನಾಲ್ಕು ದಿನದ ಕುರುಚಲು ಸಾಕು, ಉದ್ದ ಗಡ್ಡವೇ ಬೇಕೆಂದಿಲ್ಲ. ಅಮೋನಿಯಾಕ್ಕೆ ನೀರೆಂದರೆ ಪ್ರಾಣ. ಕಣ್ಣು, ಮೂಗು, ಗಂಟಲು, ಶ್ವಾಸಕೋಶ, ಒದ್ದೆ ಇರುವ ಕಡೆಯನ್ನೆಲ್ಲ ಹುಡುಕಿಕೊಂಡು ಹೋಗಿ ಸುಡುತ್ತದೆ. ಸುರಕ್ಷತೆಗಾಗಿ ಮಾಡಿದ ನಿಯಮವನ್ನು ನ್ಯಾಯಾಲಯ ಸುಲಭವಾಗಿ ತಳ್ಳಿಹಾಕುವುದಿಲ್ಲ, ತಳ್ಳಿಹಾಕಲೂಬಾರದು.

ಹಾಗೆಂದು ವ್ರತ ಮುರಿಯಬೇಕಾಗಿಲ್ಲ. 41 ದಿನದ ಮಟ್ಟಿಗೆ ಯಂತ್ರದ ಕೋಣೆಯಿಂದ ಬೇರೆ ಕೆಲಸಕ್ಕೆ, ಐಸ್ ಲೋಡಿಂಗ್, ಗೇಟು, ಲೆಕ್ಕ, ಯಾವುದಕ್ಕಾದರೂ ಹಾಕಿ ಎಂದು ಬರೆದು ಕೊಡಿ. ಬಾಯಿಮಾತು ಬೇಡ. ನಿಮ್ಮ ಬದಲು ಕೂರುವ ಸಹೋದ್ಯೋಗಿಯ ಒಪ್ಪಿಗೆಯನ್ನೂ ಜೊತೆಗಿಟ್ಟರೆ ಇಲ್ಲವೆನ್ನಲು ಅವರಿಗೆ ಕಾರಣವೇ ಉಳಿಯುವುದಿಲ್ಲ. ಅಷ್ಟರವರೆಗೆ ಗಡ್ಡದ ಮೇಲೆ ಮಾಸ್ಕ್ ಬಿಗಿದು ಒಳಗೆ ಹೋಗಬೇಡಿ. ಮಾಸ್ಕ್ ಇದೆ ಎಂಬ ಧೈರ್ಯವೇ ಅಲ್ಲಿ ಅಪಾಯ.

ಒಂದು ಪ್ರಶ್ನೆ ನನ್ನದು. ನಿಮ್ಮಲ್ಲಿ ಅಂಥ ಮಾಸ್ಕ್ ಎಷ್ಟಿವೆ, ಎಲ್ಲಿಟ್ಟಿದ್ದಾರೆ?

ಮಲ್ಪೆ ಐಸ್: ಒಂದು ಇದೆ ಅಕ್ಕಾ. ಆಫೀಸಿನ ಕಪಾಟಿನಲ್ಲಿ. ಬೀಗದ ಕೈ ಮ್ಯಾನೇಜರ್ ಹತ್ತಿರ. ರಾತ್ರಿ ಪಾಳಿಯಲ್ಲಿ ಅವರು ಇರುವುದಿಲ್ಲ.

ವಕೀಲರು: ರಾತ್ರಿ ಪಾಳಿಯಲ್ಲಿ ಎಷ್ಟು ಜನ?

ಮಲ್ಪೆ ಐಸ್: ನಾಲ್ಕು.

ವಕೀಲರು: ನಾಲ್ಕು ಜನಕ್ಕೆ ಬೀಗ ಹಾಕಿದ ಒಂದು ಮಾಸ್ಕ್! ಅದಕ್ಕಾಗಿ ನೀವು ಗಡ್ಡ ತೆಗೆಯಬೇಕು! ನೀವು ನಾಲ್ವರೂ ನುಣ್ಣಗೆ ಬೋಳಿಸಿಕೊಂಡು ಬಂದರೂ ಸೋರಿಕೆಯಾದ ರಾತ್ರಿ ಮೂವರಿಗೆ ಏನೂ ಇಲ್ಲ. ಇದನ್ನು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ತಿಳಿಸಬೇಕು. ದೂರು ಕೊಟ್ಟವರು ಯಾರೆಂದು ಅಧಿಕಾರಿ ಬಯಲು ಮಾಡುವಂತಿಲ್ಲ. ನಿಮ್ಮ ಊರು, ಹೆಸರು ಇಲ್ಲಿ ಹಾಕಬೇಡಿ. ನನಗೆ ಪ್ರತ್ಯೇಕ ಸಂದೇಶ ಕಳುಹಿಸಿ, ಇವತ್ತೇ.

ಉಡುಪಿ ಮಲ್ಲಿಗೆ: ಮೇಡಂ, ನಮ್ಮದು ಚಿನ್ನದ ಅಂಗಡಿ. ಹುಡುಗಿಯರೆಲ್ಲ ದಿನವೂ ಲಿಪ್‌ಸ್ಟಿಕ್ ಹಚ್ಚಲೇಬೇಕು, ಅದೂ ಅವರು ಹೇಳಿದ ಬಣ್ಣವೇ. ಖರ್ಚು ನಮ್ಮದು. ತಲೆಗೆ ಮಲ್ಲಿಗೆ ಮುಡಿಯುವಂತಿಲ್ಲ. ಇದಕ್ಕೆ ಏನಾದರೂ ನಿಯಮವಿದೆಯೇ?

ಸತ್ಯ ಹೇಳುವವ: ಮಾಲೆ ಹಾಕಿದವರಿಗೆ ಬೇರೆ ಕೆಲಸ ಕೊಡಿಸುತ್ತೀರಿ. ನನ್ನ ಸ್ನೇಹಿತ ಮುಸ್ಲಿಂ, ಆಸ್ಪತ್ರೆಯ ಸೆಕ್ಯುರಿಟಿ. ಅವನಿಗೆ ಗಡ್ಡ ತೆಗೆ ಎಂದಾಗ ಇಲ್ಲಿ ಯಾರೂ ಬಾಯಿ ಬಿಡಲಿಲ್ಲ.

ತೆಂಕುತಿಟ್ಟು: ಅವನು ಇಲ್ಲಿ ಕೇಳಿದ್ದನೇ? ಕೇಳದೆ ಉತ್ತರ ಹೇಗೆ ಬರುತ್ತದೆ?

ಕದ್ರಿ ಗುಡ್ಡೆ: 41 ದಿನಕ್ಕೂ ಜೀವಮಾನಕ್ಕೂ ವ್ಯತ್ಯಾಸ ಇಲ್ಲವೇ?

ಸತ್ಯ ಹೇಳುವವ: ಅದನ್ನು ಅಳೆಯುವವರು ಯಾರು, ನೀವೇ?

ಕದ್ರಿ ಗುಡ್ಡೆ: ಉಡುಪಿಯ ಹಿಜಾಬ್ ಕೇಸಿನಲ್ಲೇ ಇದೆಲ್ಲ ತೀರ್ಮಾನವಾಗಿದೆ. ಓದಿಕೊಂಡು ಬನ್ನಿ.

ವಕೀಲರು: ಆಗಿಲ್ಲ. ಅದು ವಿದ್ಯಾರ್ಥಿಗಳ ಸಮವಸ್ತ್ರದ ಪ್ರಕರಣ, ನೌಕರಿಯದ್ದಲ್ಲ. ಹೈಕೋರ್ಟ್ 2022ರ ಮಾರ್ಚ್ 15ರಂದು ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ವಿರುದ್ಧವಾದ ತೀರ್ಪು ಬರೆದರು. “ಓದಿಕೊಂಡು ಬನ್ನಿ” ಎನ್ನುವವರು ಅಷ್ಟನ್ನಾದರೂ ಓದಿರಬೇಕು. ಸೆಕ್ಯುರಿಟಿಯವರ ಪ್ರಶ್ನೆಗೆ: ಅಲ್ಲಿ ಅಮೋನಿಯಾ ಇಲ್ಲ. ಗೇಟಿನಲ್ಲಿ ನಿಲ್ಲುವವರಿಗೆ ಗಡ್ಡ ಏಕೆ ಅಡ್ಡಿ ಎಂದು ಏಜೆನ್ಸಿ ಬರೆದು ಕೊಡಲಿ, ನೇಮಕಾತಿ ಪತ್ರದಲ್ಲಿ ಆ ಷರತ್ತು ಇದೆಯೇ ನೋಡಿ. ಒಂದೇ ಗೇಟಿನಲ್ಲಿ ಒಬ್ಬರ ಗಡ್ಡ ನಡೆದು ಇನ್ನೊಬ್ಬರದು ನಡೆಯದಿದ್ದರೆ ಆ ಭೇದವೇ ನಿಮ್ಮ ಸ್ನೇಹಿತರ ದೂರಿನ ಮೊದಲ ಸಾಲಾಗಬೇಕು.

ಮಣಿಪಾಲ ಫ್ರಂಟ್ ಡೆಸ್ಕ್: ನಾನು ಹೋಟೆಲಿನವನು. ದಿನವೂ ಬೋಳಿಸಿದರೆ ಕುತ್ತಿಗೆಯ ತುಂಬ ಗುಳ್ಳೆ ಏಳುತ್ತದೆ, ಕೆಲವೊಮ್ಮೆ ಕೀವು ಕೂಡ. ಬಿಟ್ಟರೆ ಮೆಮೊ ಕೊಡುತ್ತಾರೆ.

ಒಳ್ಳೆಯ ಸುದ್ದಿ: ನಿಂಬೆರಸ, ಟೂತ್‌ಪೇಸ್ಟ್ ಸಮ ಪ್ರಮಾಣದಲ್ಲಿ ಕಲಸಿ ಹಚ್ಚಿ, ಮೂರೇ ದಿನ. ಇಲ್ಲವಾದರೆ ಚರ್ಮರೋಗ ಎಂದು 300 ರೂಪಾಯಿಗೆ ಸರ್ಟಿಫಿಕೇಟ್ ಬರೆದುಕೊಡುವವರು ನನಗೆ ಗೊತ್ತು.

ವಕೀಲರು: ಕೀವಾದ ಚರ್ಮಕ್ಕೆ ನಿಂಬೆರಸ! ಹಚ್ಚಿ ನೋಡಿದ್ದೀರಾ ನೀವು? ಸುಳ್ಳು ಸರ್ಟಿಫಿಕೇಟಿನ ಮಾತನ್ನು ಗುಂಪಿನಲ್ಲಿ ಇನ್ನೊಮ್ಮೆ ಎತ್ತಬೇಡಿ. ಗಡ್ಡಕ್ಕಾಗಿ ಕೆಲಸ ಕಳೆದುಕೊಂಡವರಿಗೆ ನಾನು ವಾದಿಸಬಲ್ಲೆ. ನಕಲಿ ದಾಖಲೆ ಕೊಟ್ಟು ಸಿಕ್ಕಿಬಿದ್ದವರ ಕೆಲಸ ಉಳಿಸುವುದು ಬಹಳ ಕಷ್ಟ, ಮೇಲೆ ಕ್ರಿಮಿನಲ್ ಕೇಸು ಬೇರೆ.

ಮಣಿಪಾಲದವರೇ, ನಿಮ್ಮದು ನಿಜವಾದ ತೊಂದರೆ. ಗುಂಗುರು ಕೂದಲಿನ ತುದಿ ಬೋಳಿಸಿದ ಮೇಲೆ ತಿರುಗಿ ಚರ್ಮದೊಳಗೇ ಬೆಳೆದರೆ ಹೀಗಾಗುತ್ತದೆ. ಚರ್ಮದ ವೈದ್ಯರನ್ನು ಕಂಡು, ಬ್ಲೇಡ್ ಬೇಡ, ಟ್ರಿಮ್ಮರ್ ಸಾಕು ಎಂದಾದರೆ ಅದನ್ನು ಬರೆಸಿಕೊಳ್ಳಿ. ಅದರ ಜೊತೆ “ಒಪ್ಪವಾಗಿ ಕತ್ತರಿಸಿದ ಗಡ್ಡಕ್ಕೆ ಅನುಮತಿ ಕೊಡಿ” ಎಂಬ ಅರ್ಜಿ ಇಟ್ಟು ಸ್ವೀಕೃತಿ ಪಡೆಯಿರಿ. ಮೆಮೊಗೆ ಉತ್ತರ ಕೊಡದೆ ಸುಮ್ಮನಿರಬೇಡಿ.

ಒಳ್ಳೆಯ ಸುದ್ದಿ: ಒಳ್ಳೆಯದಕ್ಕೇ ಹೇಳಿದ್ದು. ಉಚಿತ ಸಲಹೆಗೆ ಇಷ್ಟು ಗರ್ವ ಬೇಡ.

ವಕೀಲರು: ಉಚಿತವಾದದ್ದಕ್ಕೇ ಇಷ್ಟು ಹೊತ್ತು ಇದ್ದೇನೆ.

ಸುರತ್ಕಲ್ ಶಿಫ್ಟ್: ಮೀನು ಪ್ಯಾಕಿಂಗ್‌ನಲ್ಲಿ ಗಡ್ಡ ಇಟ್ಟರೆ ಆಹಾರ ಸುರಕ್ಷತೆಯ ಕಾನೂನಿನ ಪ್ರಕಾರ ತಪ್ಪೇ?

ವಕೀಲರು: ಆಹಾರ ಮುಟ್ಟುವವರಿಗೆ ಶುದ್ಧ ಬಟ್ಟೆ, ತಲೆಗವಸು, ಮುಖಗವಸು, ಕೈಗವಸು ಕೊಡಬೇಕು ಎಂದು 2011ರ ನಿಯಮಗಳಲ್ಲಿದೆ. ಕೂದಲು ಮೀನಿಗೆ ಬೀಳಬಾರದು, ಅದಕ್ಕೆ ಗಡ್ಡದ ಬಲೆ ಸಿಗುತ್ತದೆ. ಕೊಡಲಿ.

ಪಂಪ್‌ವೆಲ್ ಪ್ರಯಾಣಿಕ: ಖಾಸಗಿ ಕಂಪನಿಯವರು ಗಡ್ಡ ತೆಗೆಯಲು ಹೇಳಬಹುದೇ?

ವಕೀಲರು: ಮೇಲೆ. ಇದು ನಾಲ್ಕನೇ ಸಲ.

ತೆಂಕುತಿಟ್ಟು: ಎರಡನೇ ಸಲ ಮೇಡಂ.

ಉಡುಪಿ ಮಲ್ಲಿಗೆ: ಮೇಡಂ, ಲಿಪ್‌ಸ್ಟಿಕ್ ಪ್ರಶ್ನೆ ಕೇಳಿದ್ದೆ.

ಕೌಂಟರ್ ನಾಲ್ಕು: ಮೇಡಂ, ಒಂದು ಮಾತು ಮುಚ್ಚಿಟ್ಟಿದ್ದೆ. ಆ ಕಾಗದಕ್ಕೆ ಶುಕ್ರವಾರವೇ ಸಹಿ ಹಾಕಿದ್ದೇನೆ. ಹಾಕದಿದ್ದರೆ ಸಂಬಳವನ್ನೇ ಬಿಡುಗಡೆ ಮಾಡುವುದಿಲ್ಲ ಎಂದಿದ್ದರು.

ವಕೀಲರು: ಇದನ್ನು ಏಳು ಗಂಟೆಗೇ ಹೇಳಬೇಕಿತ್ತು.

ಸರಿ. ಕಾಗದದಲ್ಲಿ ತಿಂಗಳ ಕೊನೆಗೆ ಬಿಡುತ್ತೇನೆ ಎಂದಿದೆಯಲ್ಲ, ಆ ದಿನ ಇನ್ನೂ ಬಂದಿಲ್ಲ. ಮುಂದಿನ ತಾರೀಖಿಗೆ ಕೊಟ್ಟ ರಾಜೀನಾಮೆಯನ್ನು ಅದು ಜಾರಿಯಾಗುವ ಮೊದಲು ಸಾಮಾನ್ಯವಾಗಿ ಹಿಂತೆಗೆದುಕೊಳ್ಳಬಹುದು. ನಾಳೆ ಬೆಳಗ್ಗೆ ಅಂಚೆ ಕಚೇರಿ ತೆರೆಯುವ ಹೊತ್ತಿಗೆ ಅಲ್ಲಿರಿ. “ಸಂಬಳ ತಡೆಯುವ ಬೆದರಿಕೆ ಹಾಕಿ ಸಹಿ ಪಡೆದಿದ್ದಾರೆ, ರಾಜೀನಾಮೆಯನ್ನು ಹಿಂತೆಗೆದುಕೊಂಡಿದ್ದೇನೆ, ಕೆಲಸಕ್ಕೆ ಬರುತ್ತೇನೆ” ಎಂದು ಎರಡು ಸಾಲು ಬರೆದು ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ. ರಸೀದಿಯನ್ನು ಜೋಪಾನ ಮಾಡಿ. ಅಲ್ಲಿಂದ ನೇರವಾಗಿ ಕೆಲಸಕ್ಕೆ ಹೋಗಿ. ಒಳಗೆ ಬಿಡದಿದ್ದರೆ ಬಾಗಿಲಿನ ಎದುರು ನಿಂತ ಫೋಟೊ, ಹೊತ್ತು ಕಾಣುವಂತೆ.

ಕೌಂಟರ್ ನಾಲ್ಕು: ಗಡ್ಡ ಬೋಳಿಸಿ ಹೋಗಲೇ, ಹಾಗೇ ಹೋಗಲೇ?

ವಕೀಲರು: ನಾಳೆ ಒಂದು ದಿನದ ಮಟ್ಟಿಗೆ ಬೋಳಿಸಿಕೊಂಡೇ ಹೋಗಿ. “ಆಜ್ಞೆ ಮೀರಿದ” ಎಂಬ ಹೊಸ ಕಾರಣ ಅವರಿಗೆ ಸಿಗುವುದು ಬೇಡ. ಗಡ್ಡ ಮತ್ತೆ ಬರುತ್ತದೆ.

ಕದ್ರಿ ಗುಡ್ಡೆ: ಎರಡು ಗಂಟೆ ಹಕ್ಕಿನ ಬಗ್ಗೆ ಮಾತಾಡಿ ಕೊನೆಗೆ ಬೋಳಿಸಿಕೊಳ್ಳಿ ಎಂದಾಯಿತು!

ಸತ್ಯ ಹೇಳುವವ: ಸಂಬಳ ನಿಂತವನಿಗೆ ಗೊತ್ತು ಅದರ ಬಿಸಿ. ನಿಮಗೇನು, ಸ್ವಂತ ಅಂಗಡಿ.

ಕದ್ರಿ ಗುಡ್ಡೆ: ನನ್ನ ಅಂಗಡಿಯ ವಿಷಯ ಇಲ್ಲಿಗೆ ಏಕೆ ತಂದಿರಿ?

ನಿರ್ವಾಹಕ: ಇಬ್ಬರೂ ನಿಲ್ಲಿಸಿ. ವಕೀಲರು ಹೊರಟಿದ್ದಾರೆ, ಅವರಿಗೆ ಧನ್ಯವಾದ. ಉಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುತ್ತೇನೆ. ಹತ್ತು ನಿಮಿಷದಲ್ಲಿ ಈ ಎಳೆಯನ್ನು ಮುಚ್ಚುತ್ತೇನೆ.

ಉಡುಪಿ ಮಲ್ಲಿಗೆ: ಗಡ್ಡವಿಲ್ಲದವರ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲವೇ?

ಹಡಗಿನ ಅಜ್ಜ: ಮಗಳೇ, ಒಂದು ಅಟ್ಟೆ ಮಲ್ಲಿಗೆಗೆ ಈಗ ಎಷ್ಟು ನಡೆಯುತ್ತಿದೆ?