ಬಾಗಿಲು ತೆರೆದರೆ ಹೊರಟೇ ಬಿಡುತ್ತಾನೆ, ನೀವೆಲ್ಲ ಏನು ಮಾಡಿದಿರಿ?

ಕೇಳಿದವರು: ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಬ್ಬ ಅಮ್ಮ

ನನ್ನ ಮಗನಿಗೆ 7 ವರ್ಷ. ಆಟಿಸಂ. ಮಾತಿಲ್ಲ, ಹೆಸರು ಕರೆದರೆ ತಿರುಗಿ ನೋಡುವುದೂ ಅಪರೂಪ. ಮೊನ್ನೆ ಬುಧವಾರ ನಾನು ಅಂಗಳದಲ್ಲಿ ಅಡಿಕೆ ಒಟ್ಟು ಮಾಡುತ್ತಿದ್ದೆ, ಅತ್ತೆ ಒಳಗಿದ್ದರು. ಹಿಂದಿನ ಬಾಗಿಲಿನಿಂದ ಅವನು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. 40 ನಿಮಿಷ ಹುಡುಕಿದೆವು. ಸಿಕ್ಕಿದ್ದು ಗುಡ್ಡೆಯ ಆಚೆ, ಪಕ್ಕದ ತೋಟದವರ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ. ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದ. ಇವರು ದುಬೈಯಲ್ಲಿ. ಫೋನಿನಲ್ಲಿ ಹೇಳಿದರೆ "ಬೀಗ ಹಾಕು" ಅನ್ನುತ್ತಾರೆ. ಸಂಬಂಧಿಕರೊಬ್ಬರು "ಒಂದು ಮಗುವನ್ನು ನೋಡಿಕೊಳ್ಳಲಿಕ್ಕೆ ಆಗುವುದಿಲ್ವಾ" ಅಂದರು. ಬೀಗವಾ, ಜಿಪಿಎಸ್ ವಾಚಾ, ಬೇಲಿಯಾ? ಅನುಭವ ಇದ್ದವರು ಹೇಳಿ. ರಾತ್ರಿ ನಿದ್ದೆ ಬರುತ್ತಿಲ್ಲ.

ಮುಳ್ಳೇರಿಯ ಕಡೆಯ ಅಮ್ಮ, ಮಗಳಿಗೆ ಈಗ 16

ಆ ಸಂಬಂಧಿಕರ ಕೈಗೆ ಒಂದು ದಿನ ಮಗನನ್ನು ಒಪ್ಪಿಸಿ ನೀವು ಪೇಟೆಗೆ ಹೋಗಿ ಬನ್ನಿ ಅಕ್ಕ. ಸಂಜೆಗೆ ಅವರ ಮಾತು ಬೇರೆ ಇರುತ್ತದೆ.

ನನ್ನ ಮಗಳು 6 ವರ್ಷದವಳಿದ್ದಾಗ ಕಾಣೆಯಾದಳು. ನಾವೆಲ್ಲ ರಸ್ತೆಗೆ ಓಡಿದೆವು. ಅಂಗಡಿ, ಬಸ್ ಸ್ಟ್ಯಾಂಡ್, ಅಂಗನವಾಡಿ. ಒಂದೂವರೆ ಗಂಟೆ ಹಾಗೇ ಹೋಯಿತು. ಅವಳು ಮನೆಯಿಂದ ಕೂಗಳತೆಯ, ಮಳೆನೀರು ನಿಲ್ಲುವ ಕೆರೆಯಂಥ ಮದಕದಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಅಂಗೈಯಿಂದ ನೀರು ಬಡಿಯುತ್ತಿದ್ದಳು. ಇನ್ನೆರಡು ಹೆಜ್ಜೆ ಹೋಗಿದ್ದರೆ ಆಳ. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಮಾತು: ನೀರು ಮೊದಲು, ರಸ್ತೆ ಆಮೇಲೆ. ಈ ಮಕ್ಕಳಲ್ಲಿ ಸುಮಾರು ಜನಕ್ಕೆ ನೀರಿನ ಸೆಳೆತ ಜಾಸ್ತಿ. ಮನೆ ಬಿಟ್ಟು ಹೋದ ಆಟಿಸಂ ಮಕ್ಕಳ ಸಾವಿಗೆ ಮುಖ್ಯ ಕಾರಣವೇ ನೀರಿಗೆ ಬೀಳುವುದು ಅಂತ ನನಗೆ ಡಾಕ್ಟರು ಹೇಳಿದ್ದು ಆಮೇಲೆ. ಮೊದಲೇ ಹೇಳಬಹುದಿತ್ತು.

ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಮನೆಯ ಸುತ್ತ ನಡೆದು ನೀರಿರುವ ಜಾಗವನ್ನೆಲ್ಲ ಬರೆದೆವು. ಬೇಸಿಗೆಯಲ್ಲಿ ನೀರಿಲ್ಲ ನೀರಿಲ್ಲ ಅನ್ನುತ್ತೇವೆ, ಆದರೆ ಪಟ್ಟಿ ಒಂದು ಪುಟ ದಾಟಿತು. ಬಾವಿ, ಕೆರೆ, ಮದಕ, ತೋಡು, ಸ್ಪ್ರಿಂಕ್ಲರಿನ ಟ್ಯಾಂಕು, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಬಂದು ಬೀಳುವ ಗುಂಡಿ, ಕೆಂಪುಕಲ್ಲು ತೆಗೆದು ಹಾಗೇ ಬಿಟ್ಟ ಕೋರೆ. ಕೋರೆಯದ್ದೇ ನನಗೆ ಹೆಚ್ಚು ಹೆದರಿಕೆ. ಮಳೆಗಾಲದಲ್ಲಿ ತುಂಬಿ ನಿಲ್ಲುತ್ತದೆ, ಗೋಡೆ ಕತ್ತರಿಸಿದ ಹಾಗೆ ನೆಟ್ಟಗೆ, ಬಿದ್ದರೆ ಹಿಡಿದು ಹತ್ತಲಿಕ್ಕೆ ಏನೂ ಇಲ್ಲ. ಯಾರು ಯಾವ ನೀರಿಗೆ ಓಡಬೇಕು ಅಂತ ಮೊದಲೇ ಹಂಚಿಕೊಂಡೆವು. ಗಂಡ ಕೋರೆಗೆ, ನಾನು ಮದಕಕ್ಕೆ, ಆಚೆಮನೆಯ ಹುಡುಗ ಬೈಕಿನಲ್ಲಿ ತೋಡು ದಾಟುವ ಸಂಕಕ್ಕೆ. ಅತ್ತೆ ಮನೆ ಬಿಟ್ಟು ಕದಲಬಾರದು. ಮಗು ತಾನೇ ವಾಪಸ್ ಬಂದರೆ?

ಇನ್ನೊಂದು. ನನ್ನವಳು ಹೆಸರಿಗೆ ಓಗೊಡುವುದಿಲ್ಲ, ಅಪ್ಪನ ಸ್ಕೂಟರಿನ ಹಾರ್ನಿಗೆ ಬರುತ್ತಾಳೆ. ಹತ್ತು ಜನ ಹೆಸರು ಕೂಗಿಕೊಂಡು ಬಂದರೆ ಹೆದರಿ ಪೊದೆಯೊಳಗೆ ಕೂರುತ್ತಾಳೆ. ನಿಮ್ಮ ಮಗ ಯಾವ ಸದ್ದಿಗೆ ಓಡಿ ಬರುತ್ತಾನೆ ಅಂತ ನೋಡಿಟ್ಟುಕೊಳ್ಳಿ. ಹುಡುಕುವವರಿಗೂ ಅದನ್ನೇ ಹೇಳಿ.

ಉಪ್ಪಳದಿಂದ ಒಬ್ಬ ಅಪ್ಪ

ಬೀಗ ಹಾಕಿದರೆ ಒಳಗೆ ವಯಸ್ಸಾದ ನಿಮ್ಮ ಅತ್ತೆಯೂ ಇರುತ್ತಾರೆ. ಗ್ಯಾಸಿಗೆ ಬೆಂಕಿ ಹಿಡಿದರೆ ಕೀ ಎಲ್ಲಿ ಅಂತ ಹುಡುಕುವುದಾ? ನಾವು ಬಾಗಿಲಿನ ತೀರಾ ಮೇಲೆ ನಮ್ಮ ಮಗನಿಗೆ ಎಟುಕದ ಹಾಗೆ ಚಿಲಕ ಇಡಿಸಿದೆವು. ಜೊತೆಗೆ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಅಲಾರಂ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬಾಗಿಲು ತೆರೆದ ಕೂಡಲೇ ಕಿರುಚುತ್ತದೆ. ಹಿಂದಿನ ಬಾಗಿಲನ್ನು ಮರೆಯಬೇಡಿ, ಎಲ್ಲರೂ ಎದುರಿನದ್ದಕ್ಕೇ ಹಾಕುತ್ತಾರೆ.

ಜಿಪಿಎಸ್ ವಾಚು ತಂದದ್ದೂ ಉಂಟು. ಎರಡೇ ದಿನ. ಕೈಗೆ ಏನಾದರೂ ತಾಗಿದರೆ ಅವನಿಗೆ ಆಗುವುದಿಲ್ಲ, ಹಲ್ಲಿನಲ್ಲಿ ಕಚ್ಚಿ ಕಿತ್ತ. ಅದಕ್ಕೆ ಸಿಮ್ ಬೇಕು, ಮೊಬೈಲ್ ರೇಂಜ್ ಬೇಕು. ನಿಮ್ಮ ಪೆರ್ಲದ ಗುಡ್ಡೆಗಳ ನಡುವೆ ರೇಂಜ್ ಹೇಗೆ ಅಂತ ಮೊದಲು ನೋಡಿ, ಆಮೇಲೆ ದುಡ್ಡು ಹಾಕಿ. ಆಪಲ್ ಕಂಪನಿಯ ಏರ್‌ಟ್ಯಾಗ್ ಬಿಲ್ಲೆ ಅಂತೂ ಹತ್ತಿರದಲ್ಲಿ ಯಾರದ್ದಾದರೂ ಐಫೋನ್ ಇದ್ದರೆ ಮಾತ್ರ ಜಾಗ ತೋರಿಸುತ್ತದೆ. ಅಡಿಕೆ ತೋಟದಲ್ಲಿ ಯಾರ ಐಫೋನು!

ನನ್ನ ಮಗನಿಗೆ ನೀರಲ್ಲ, ಬಸ್ಸು. 11 ವರ್ಷದವನಿದ್ದಾಗ ಮಂಗಳೂರು ಬಸ್ ಹತ್ತಿ ಕಿಟಕಿ ಪಕ್ಕ ಕೂತುಬಿಟ್ಟ. ಯಾರದ್ದೋ ಜೊತೆಗೆ ಬಂದವನು ಅಂತ ಕಂಡಕ್ಟರ್ ಎಣಿಸಿದ. ರಾಜ್ಯದ ಗಡಿ ತಲಪಾಡಿ ದಾಟಿದ ಮೇಲೆ ಟಿಕೆಟ್ ಕೇಳಿದರೆ ಸುಮ್ನೆ ನಗುತ್ತಾನೆ. ಈಚೆ ನಾವು ಠಾಣೆಯಲ್ಲಿ ಕೂತಿದ್ದೇವೆ, ಅಲ್ಲೊಬ್ಬರು "ಸಂಜೆವರೆಗೆ ನೋಡುವಾ" ಅಂದರು. ಹಾಗೆ ಕಾಯಿಸಲಿಕ್ಕೆ ಇಲ್ಲ ಮಾರಾಯ್ರೇ. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 24 ಗಂಟೆ ಕಾಯಬೇಕು ಎನ್ನುವುದೆಲ್ಲ ಬಾಯಿಮಾತು. ಮಗು ಗಡಿ ದಾಟಿರಬಹುದು ಅನ್ನಿಸಿದರೆ ಆಚೆ ಕಡೆಗೂ ತಿಳಿಸಿ ಅಂತ ಪಟ್ಟು ಹಿಡಿಯಿರಿ. ಪೊಲೀಸರ ತುರ್ತು ನಂಬರ್ 112 ಕೇರಳ, ಕರ್ನಾಟಕ ಎರಡೂ ರಾಜ್ಯಗಳಲ್ಲಿ ಉಂಟು, ಮಕ್ಕಳ ಸಹಾಯವಾಣಿ 1098.

ಅವತ್ತೇ ಕಾರ್ಡು ಮಾಡಿಸಿದೆ. ಮಲಯಾಳ, ಕನ್ನಡ, ಇಂಗ್ಲಿಷ್ ಮೂರರಲ್ಲೂ. ನಮ್ಮ ಕಡೆ ಒಂದೇ ಭಾಷೆಯಲ್ಲಿ ಬರೆದರೆ ಸಿಕ್ಕಿದವರಿಗೆ ಓದಲಿಕ್ಕೆ ಬರಬೇಕಲ್ಲ. "ಮಾತು ಬರುವುದಿಲ್ಲ, ಈ ನಂಬರಿಗೆ ಫೋನ್ ಮಾಡಿ" ಇಷ್ಟೇ. ಹೆಸರು ಹಾಕಲಿಲ್ಲ, ಹೆಸರು ಕರೆದು ಯಾರೂ ಕರೆದೊಯ್ಯಬಾರದು. ಅಂಗಿಯ ಒಳಬದಿಗೆ ಹೊಲಿದಿದ್ದೇವೆ. ಸೊಂಟದ ನೇವಳದಲ್ಲೂ ನಂಬರ್ ಕೊರೆದ ಒಂದು ಬಿಲ್ಲೆ ಉಂಟು. ಹುಟ್ಟಿದಾಗಿನಿಂದ ಇದ್ದದ್ದಲ್ವಾ, ಅದನ್ನು ಕೀಳುವುದಿಲ್ಲ.

ಎಣ್ಮಕಜೆಯವನು

ಬೀಗದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಗೇರು ಗುಡ್ಡೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆಯುತ್ತಿದ್ದ ಕಾಲದಲ್ಲಿ ಬೆಳೆದವರು ನಾವು. ನನ್ನ ಅಣ್ಣ ಹೀಗೆಯೇ ಹೋಗುತ್ತಿದ್ದ. ಅಮ್ಮನಿಗೆ ಬೀಡಿ ಕಟ್ಟಿದರೆ ಮಾತ್ರ ಅಕ್ಕಿ. ಹಳೇ ಸೀರೆಯ ಸೆರಗಿನಿಂದ ಅವನ ಸೊಂಟವನ್ನು ಕಿಟಕಿ ಸರಳಿಗೆ ಕಟ್ಟಿ ಪಕ್ಕದಲ್ಲೇ ಕೂತು ಬೀಡಿ ಸುತ್ತುತ್ತಿದ್ದರು. ಅಮ್ಮನನ್ನು ನಾನು ದೂರುವುದಿಲ್ಲ. ಆದರೆ ಅಣ್ಣ ಆ ಗಂಟನ್ನು ನೋಡುತ್ತಾ ಕೂರುತ್ತಿದ್ದದ್ದು ಕಣ್ಣಿನಿಂದ ಹೋಗಿಲ್ಲ. ಆಗ ಇಂಥ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆ ಇರಲಿಲ್ಲ. ಈಗ ಪಂಚಾಯತ್‌ಗಳು ನಡೆಸುತ್ತವೆ. ನಿಮಗೆ ಹತ್ತಿರ ಯಾವುದು ಅಂತ ವಾರ್ಡ್ ಮೆಂಬರ್ ಹತ್ತಿರ ಕೇಳಿ ಸೇರಿಸಿ ಅಕ್ಕ.

ಕಾಸರಗೋಡಿನ ಒಬ್ಬ ಟೀಚರ್, ವಿಶೇಷ ಮಕ್ಕಳಿಗೆ ಕಲಿಸುವವಳು

ಇಂಥದ್ದು ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ನೂರಕ್ಕೆ 49 ಮಂದಿ 4 ವರ್ಷ ಕಳೆದ ಮೇಲೆ ಒಮ್ಮೆಯಾದರೂ ಹೀಗೆ ಹೊರಟುಹೋಗಲು ನೋಡಿದ್ದರು ಎಂದು ತಂದೆತಾಯಂದಿರು ಹೇಳಿದ್ದರು.

ಎಲ್ಲಿಗೆ ಅಂತ ಎಲ್ಲರೂ ಕೇಳುತ್ತಾರೆ, ಯಾಕೆ ಅಂತ ಕೇಳುವವರು ಕಡಿಮೆ. ಕೆಲವರು ಇಷ್ಟದ ಜಾಗಕ್ಕೆ ಹೋಗುತ್ತಾರೆ. ಕೆಲವರು ಸಹಿಸಲಾಗದ್ದರಿಂದ ಓಡುತ್ತಾರೆ: ಮಿಕ್ಸಿ, ನೆಂಟರು, ಬೈಗುಳ. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ಎಷ್ಟು ಹೊತ್ತಿಗೆ ಬಾಗಿಲ ಹತ್ತಿರ ಹೋದ, ಅದಕ್ಕೆ ಮೊದಲು ಮನೆಯಲ್ಲಿ ಏನಾಗುತ್ತಿತ್ತು. ನಿಮ್ಮವನು ನೀರಿಗೇ ಹೋಗುವುದಾದರೆ ದಿನಾ ಅದೇ ಹೊತ್ತಿಗೆ ಅಂಗಳದಲ್ಲಿ ದೊಡ್ಡ ಬೋಗುಣಿಯಲ್ಲಿ ನೀರು ಕೊಟ್ಟು, ನೀವು ಪಕ್ಕದಲ್ಲೇ ಕೂತುಕೊಳ್ಳಿ. "ನೀರು ಬೇಕು" ಅಂತ ತೋರಿಸಲು ಒಂದು ಚಿತ್ರದ ಕಾರ್ಡು ಮಾಡಿಕೊಡಿ. ಈಜು ಕಲಿಸಲು ಯಾರಾದರೂ ಸಿಕ್ಕಿದರೆ ಬಟ್ಟೆ ಹಾಕಿಕೊಂಡು ಈಜುವುದನ್ನೂ ಕಲಿಸಲು ಹೇಳಿ. ಈಜು ಬಂತು ಅಂತ ಕಣ್ಣು ತೆಗೆಯಬಾರದು.

ಕುಂಬಳೆಯ ಚಿಕ್ಕಮ್ಮ

ನಮ್ಮವನಿಗೆ ಚೆಂಡೆ. ಎಲ್ಲಿ ಯಕ್ಷಗಾನ ಆಟದ ಪೀಠಿಕೆ ಕೇಳಿದರೂ ಗದ್ದೆಯಲ್ಲಿ ಅಡ್ಡ ಬಿದ್ದು ಓಡುತ್ತಾನೆ. ಮೇಳದವರು ಪತ್ತನಾಜೆಗೆ ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೇಲೆಯೇ ನನಗೆ ಉಸಿರು. ಈಗ ಊರಿನಲ್ಲಿ ಆಟ, ಭೂತದ ಕೋಲ ಯಾವಾಗ ಅಂತ ಮೊದಲೇ ವಿಚಾರಿಸಿ ನಾನೇ ಕರೆದುಕೊಂಡು ಹೋಗುತ್ತೇನೆ. ವೇಷ ಕಟ್ಟುವ ಚೌಕಿಯವರಿಗೆಲ್ಲ ಅವನ ಗುರುತು ಉಂಟು. ನೀವೂ ಮಗನನ್ನು ಕೈಹಿಡಿದು ಸುತ್ತಲಿನ ಮನೆ ಮನೆಗೆ ಹೋಗಿ ತೋರಿಸಿ ಬನ್ನಿ. ನಾಚಿಕೆ ಅಂತ ನಾನು ಮೂರು ವರ್ಷ ಮುಚ್ಚಿಟ್ಟೆ, ನಷ್ಟ ನನಗೇ ಆಯಿತು.

ಮತ್ತೆ ಪೆರ್ಲದ ಅಮ್ಮ, ಹತ್ತು ದಿನದ ನಂತರ

ಎಲ್ಲರಿಗೂ ಉಪಕಾರ. ಚಿಲಕ ಮೇಲೆ ಇಡಿಸಿದ್ದಾಯಿತು. ಅಲಾರಂ ಅತ್ತೆಯನ್ನು ನಾಲ್ಕು ಸಲ ಎಬ್ಬಿಸಿತು, ಬೈದರು, ಈಗ ಅಭ್ಯಾಸ ಆಗಿದೆ. ಪುಸ್ತಕದಲ್ಲಿ ಬರೆದು ನೋಡಿದರೆ ಅವನು ಹೊರಡುವುದು ಯಾವಾಗಲೂ ನಾಲ್ಕು ಗಂಟೆಯ ಹೊತ್ತಿಗೆ. ಅದು ಆಚೆ ತೋಟದವರು ಪಂಪ್ ಹಾಕುವ ಹೊತ್ತು. ಟ್ಯಾಂಕಿಗೆ ನೀರು ಬೀಳುವ ಸದ್ದು ನಮ್ಮ ಹಿಂದಿನ ಬಾಗಿಲಿಗೆ ಕೇಳುತ್ತದೆ, ನನಗೇ ಗೊತ್ತಿರಲಿಲ್ಲ. ಮಗನನ್ನು ಕರೆದುಕೊಂಡು ಅವರ ಮನೆಗೆ ಹೋಗಿದ್ದೆ. ಟ್ಯಾಂಕಿನ ಮೇಲೆ ಬಲೆ ಹಾಕಿಸಲಿಕ್ಕೆ ಒಪ್ಪಿದ್ದಾರೆ, ಖರ್ಚು ಅರ್ಧ ಅರ್ಧ. ಬಲೆಯವನು ಅಳತೆ ಕೇಳಿದ್ದಾನೆ. ನಾಳೆ ನಾಲ್ಕಕ್ಕೆ ಮುಂಚೆ ಟೇಪು ಹಿಡಿದು ನಾವಿಬ್ಬರೂ ಹೋಗಬೇಕು.