ಜಿಪ್ಸಿ ಕಿಂಗ್: ಏರಿನಲ್ಲಿ ಕ್ಲಚ್ ಸ್ಲಿಪ್, ಎರಡನೇ ಗೇರ್‌ಗೆ ಕರ್ರ್ ಶಬ್ದ. ಬರೀ ಪ್ಲೇಟ್ ಬದಲಿಸಿದರೆ ಸಾಕಾ?

ಆಲ್ದೂರು ಜಿಪ್ಸಿ:

ಎಲ್ಲರಿಗೂ ನಮಸ್ಕಾರ. ಗಾಡಿ 2007ರ ಜಿಪ್ಸಿ ಕಿಂಗ್, ಎಂಪಿಎಫ್‌ಐ. ಅಪ್ಪ ತೋಟದ ಕೆಲಸಕ್ಕೆ ಅಂತ ತಗೊಂಡಿದ್ದು, ಈಗ ನನ್ನ ಕೈಗೆ ಬಂದಿದೆ. ಇದರಲ್ಲೇ ಟಿಎಸ್‌ಡಿ (ಕೊಟ್ಟ ವೇಗದಲ್ಲಿ, ಹೇಳಿದ ಸಮಯಕ್ಕೆ ಸರಿಯಾಗಿ ತಲುಪಬೇಕಾದ) ರ‍್ಯಾಲಿ ಓಡಿಸಬೇಕು ಅನ್ನೋದು ನನ್ನ ಆಸೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟದ ರಸ್ತೆಗಳಲ್ಲಿ ನಡೆದಾಗ ಬೇಲಿ ಪಕ್ಕ ನಿಂತು ನೋಡಿದ್ದೆ. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಈಗ ತೊಂದರೆ ಏನಂದ್ರೆ, ಕೈಮರ ಚೆಕ್‌ಪೋಸ್ಟ್ ದಾಟಿ ಗಿರಿ ಹತ್ತುವಾಗ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಎಳೆಯಲ್ಲ. ಸೀತಾಳಯ್ಯನಗಿರಿ ತಿರುವಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ. ಮೂರರಿಂದ ಎರಡಕ್ಕೆ ಇಳಿಸಿದರೆ ಕರ್ರ್ ಅಂತ ಹಲ್ಲು ಕಡಿಯೋ ಶಬ್ದ. ಜೊತೆಗೆ ನ್ಯೂಟ್ರಲ್‌ನಲ್ಲಿ ನಿಂತಾಗ ಗುಂಯ್ ಅಂತಿರುತ್ತೆ, ಕ್ಲಚ್ ಒತ್ತಿದರೆ ನಿಂತುಹೋಗುತ್ತೆ.

ನನ್ನನ್ನು ಕಾಡ್ತಿರೋದು ಇದು: ಕ್ಲಚ್ ಸೆಟ್ ಹೊಸದಾಗಿ ಹಾಕಿಸಿ ಎರಡು ವರ್ಷ, 14,000 ಕಿ.ಮೀ. ಕೂಡ ಓಡಿಲ್ಲ. ಮೆಕ್ಯಾನಿಕ್ ಮತ್ತೆ ಸೆಟ್ ಹಾಕಿಬಿಡೋಣ ಅಂತಾರೆ. ಒಪ್ಪಿಕೊಳ್ಳಲಾ?

ಕೊಟ್ಟಿಗೆಹಾರ ಘಾಟಿ:

ಮೊದಲು ಕೇಬಲ್ ನೋಡಿ. ಜಿಪ್ಸಿಗೆ ಕೇಬಲ್ ಕ್ಲಚ್. ಅಡ್ಜಸ್ಟ್ ಮಾಡುವಾಗ ಬಿಗಿ ಜಾಸ್ತಿ ಆದರೆ ಪೆಡಲ್‌ನಲ್ಲಿ ಪ್ಲೇ ಉಳಿಯಲ್ಲ, ರಿಲೀಸ್ ಬೇರಿಂಗ್ ಯಾವಾಗಲೂ ಪ್ರೆಷರ್ ಪ್ಲೇಟ್‌ನ ಬೆರಳುಗಳನ್ನು ಒತ್ತಿಕೊಂಡೇ ಇರುತ್ತೆ. ನಮ್ಮ ಕಾಲು ಪೆಡಲ್ ಮೇಲೆ ಇಲ್ಲದಿದ್ದರೂ ಅರ್ಧ ಕ್ಲಚ್ ಒತ್ತಿದ ಹಾಗೆ. ಚಾರ್ಮಾಡಿಯಲ್ಲಿ ನನ್ನದೂ ಹೀಗೇ ಕೈಕೊಟ್ಟಿತ್ತು, ಕೇಬಲ್ ನಟ್ಟು ನಾಲ್ಕು ಸುತ್ತು ಸಡಿಲಿಸಿದ ಮೇಲೆ ಸರಿಹೋಯ್ತು. ಕೈಯಲ್ಲಿ ಪೆಡಲ್ ಒತ್ತಿ, ಭಾರ ಸಿಗುವ ಮುಂಚೆ ಒಂದೆರಡು ಬೆರಳಿನಷ್ಟಾದರೂ ಸಡಿಲ ಇದೆಯಾ ನೋಡಿ.

ಹಾಸನ ಲೇತ್:

ಕೇಬಲ್ ನೋಡೋದು ಸರಿಯಾದ ಮಾತು. ಆದರೆ ನೀವು ಹೇಳಿದ ಮೂರು ಲಕ್ಷಣ ಒಂದೇ ಜಾಗದಿಂದ ಬರುವಂಥವಲ್ಲ. ಸ್ಲಿಪ್ ಆಗೋದು ಕ್ಲಚ್ಚಿನದು. ಎರಡನೇ ಗೇರ್ ಶಬ್ದ ಕ್ಲಚ್ಚಿನದೂ ಇರಬಹುದು, ಸಿಂಕ್ರೊ ರಿಂಗಿನದೂ (ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ಉಂಗುರ) ಇರಬಹುದು. ನ್ಯೂಟ್ರಲ್‌ನಲ್ಲಿ ಇದ್ದು, ಪೆಡಲ್ ಒತ್ತಿದಾಗ ನಿಲ್ಲುವ ಗುಂಯ್ ಅಂದರೆ ಹೆಚ್ಚಾಗಿ ಇನ್‌ಪುಟ್ ಶಾಫ್ಟ್ ಬೇರಿಂಗ್. ಪೆಡಲ್ ಬಿಟ್ಟಾಗ ಆ ಶಾಫ್ಟ್ ತಿರುಗುತ್ತೆ, ಒತ್ತಿದಾಗ ನಿಲ್ಲುತ್ತೆ, ಶಬ್ದವೂ ಅದರ ಜೊತೆ ನಿಲ್ಲುತ್ತೆ. ರಿಲೀಸ್ ಬೇರಿಂಗ್ ಹೋಗಿದ್ದರೆ ಇದರ ತದ್ವಿರುದ್ಧ, ಒತ್ತಿದಾಗಲೇ ಕಿರುಚುತ್ತೆ.

ಸ್ಪ್ಯಾನರ್ ಹಿಡಿಯುವ ಮುಂಚೆ ಎರಡು ಪರೀಕ್ಷೆ ಮಾಡಿ. ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಮುಂದೆ ಯಾರೂ ನಿಲ್ಲೋದು ಬೇಡ, ಹ್ಯಾಂಡ್‌ಬ್ರೇಕ್ ಗಟ್ಟಿ ಎಳೆದು ಬ್ರೇಕ್ ಮೇಲೂ ಕಾಲಿಡಿ. ಮೂರನೇ ಗೇರ್ ಹಾಕಿ ಕ್ಲಚ್ ಬಿಡಿ. ಒಳ್ಳೆ ಕ್ಲಚ್ ಆದರೆ ಇಂಜಿನ್ ತಕ್ಷಣ ಆಫ್ ಆಗಬೇಕು. ಇದನ್ನು ಒಂದೇ ಸಲ ಮಾಡಿ, ಪದೇಪದೇ ಮಾಡಿದರೆ ಉಳಿದ ಪ್ಲೇಟೂ ಸುಡುತ್ತೆ. ಎರಡನೆಯದು, ಐಡಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ಮೂರ್ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಿ. ರಿವರ್ಸ್‌ಗೆ ಸಿಂಕ್ರೊ ಇಲ್ಲ, ಹಾಗಾಗಿ ಅದು ಸುಳ್ಳು ಹೇಳಲ್ಲ. ಕಾದ ಮೇಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡ್ತಿಲ್ಲ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಬಿಡುತ್ತಿದೆ, ತೊಂದರೆ ಗೇರ್‌ಬಾಕ್ಸ್ ಒಳಗೆ.

ಆಲ್ದೂರು ಜಿಪ್ಸಿ:

ಕೇಬಲ್ ಪ್ಲೇ ಸರಿಯಾಗಿದೆ. ಮೊದಲ ಪರೀಕ್ಷೆಯಲ್ಲಿ ಇಂಜಿನ್ ನಡುಗುತ್ತಾ ಐದಾರು ಸೆಕೆಂಡ್ ಓಡಿ ಆಮೇಲೆ ಆಫ್ ಆಯ್ತು. ರಿವರ್ಸ್ ಬೆಣ್ಣೆಯ ಹಾಗೆ ಬಿತ್ತು.

ಬೇಲೂರು ರಸ್ತೆ:

ಗೇರ್‌ಗೆ ದಪ್ಪ ಆಯಿಲ್ ಹಾಕಿ ನೋಡಿ. ಡಿಫರೆನ್ಷಿಯಲ್‌ಗೆ ಹಾಕೋ ಜಿಎಲ್-5 ದರ್ಜೆಯ ಆಯಿಲ್ ಹಾಕಿದರೆ ಶಬ್ದ ಅಡಗುತ್ತೆ ಅಂತ ಕೇಳಿದ್ದೇನೆ.

ಹಾಸನ ಲೇತ್:

ದಯವಿಟ್ಟು ಬೇಡ. ಡಿಫರೆನ್ಷಿಯಲ್‌ಗೆ ಜಿಎಲ್-5 ಬೇಕು, ಅಲ್ಲಿ ಹಲ್ಲಿನ ಮೇಲೆ ಹಲ್ಲು ಜಾರುತ್ತಾ ಭಾರ ಹೊರುತ್ತೆ. ಗೇರ್‌ಬಾಕ್ಸ್‌ನ ಸಿಂಕ್ರೊ ರಿಂಗ್ ಹಿತ್ತಾಳೆ ಜಾತಿಯದು. ಅದು ಕೋನ್ ಮೇಲೆ ಉಜ್ಜಿ, ಗೇರ್ ವೇಗವನ್ನು ಶಾಫ್ಟ್ ವೇಗಕ್ಕೆ ತಂದು ನಿಲ್ಲಿಸಬೇಕು. ಆಯಿಲ್ ಅತಿಯಾಗಿ ಜಾರಿದರೆ ರಿಂಗಿಗೆ ಹಿಡಿತ ಸಿಗಲ್ಲ. ಸಾಲದ್ದಕ್ಕೆ ಜಿಎಲ್-5ರಲ್ಲಿರುವ ಗಂಧಕದ ಅಂಶ ಎಷ್ಟೋ ಸಲ ಹಿತ್ತಾಳೆಯನ್ನೇ ತಿನ್ನುತ್ತೆ. ಗೇರ್‌ಬಾಕ್ಸ್‌ಗೆ ಜಿಎಲ್-4, 75ಡಬ್ಲ್ಯೂ-90.

ಆಲ್ದೂರಿನವರೇ, ನಿಮ್ಮ ಪರೀಕ್ಷೆಯಿಂದ ಇಷ್ಟು ಗೊತ್ತಾಯ್ತು: ಕ್ಲಚ್ ಬಿಡುತ್ತೆ, ಆದರೆ ಹಿಡಿಯಲ್ಲ. ಎರಡನೇ ಗೇರ್ ಸಿಂಕ್ರೊ ಹೋಗಿದೆ. 14,000ಕ್ಕೆ ಪ್ಲೇಟ್ ಸವೆಯೋದು ಸಾಮಾನ್ಯ ಅಲ್ಲ, ಅದಕ್ಕೊಂದು ಕಾರಣ ಇದ್ದೇ ಇರುತ್ತೆ. ಆ ಕಾರಣ ಹುಡುಕದೆ ಸೆಟ್ ಹಾಕಬೇಡಿ. ಗೇರ್‌ಬಾಕ್ಸ್ ಇಳಿಸಿ.

ಇಳಿಸುವ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆಯಿರಿ, ಆಯಿಲ್ ಪಾತ್ರೆಗೆ ಇಳಿಸಿ ಅಳೆದಿಡಿ. ಲಿವರ್ ಒಳಗಿನಿಂದ ಬಿಚ್ಚಬೇಕು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸ್‌ನಿಂದ ಪ್ರತ್ಯೇಕವಾಗಿದೆ, ಮಧ್ಯದ ಸಣ್ಣ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರೆ ಸಾಕು, ಆ ಕೇಸ್ ಮುಟ್ಟಬೇಕಿಲ್ಲ. ಬಿಚ್ಚುವ ಮುಂಚೆ ಫ್ಲ್ಯಾಂಜ್‌ಗೆ ಅಡ್ಡಲಾಗಿ ಒಂದು ಪೇಂಟ್ ಗೆರೆ ಎಳೆಯಿರಿ, ವಾಪಸ್ ಅದೇ ಗೆರೆಗೆ ಕೂರಿಸಬೇಕು. ಇಂಜಿನ್ ಕೆಳಗೆ ಮರದ ತುಂಡು ಇಟ್ಟು ಜಾಕಿ ಕೊಡಿ. ಗೇರ್‌ಬಾಕ್ಸ್ ಹಿಂದಕ್ಕೆ ಎಳೆಯುವಾಗ ಅದರ ಭಾರ ಇನ್‌ಪುಟ್ ಶಾಫ್ಟ್ ಮೇಲೆ ತೂಗಾಡಬಾರದು, ಪ್ಲೇಟ್ ಹಬ್ ಬಾಗುತ್ತೆ. ಇಬ್ಬರು ಬೇಕೇ ಬೇಕು. ಕ್ಲಚ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಪ್ಲೇಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು.

ಕ್ಲಚ್ ಮನೆ ಒಳಗೆ ಆಯಿಲ್ ಕಂಡರೆ ಬೆರಳಿಗೆ ಹಚ್ಚಿ ಮೂಸಿ ನೋಡಿ. ಕಪ್ಪಗೆ ತೆಳ್ಳಗಿದ್ದರೆ ಇಂಜಿನ್ ಹಿಂದಿನ ಸೀಲ್. ಅಂಟಂಟಾಗಿ ಗಂಧಕದ ಘಾಟು ಬಂದರೆ ಗೇರ್‌ಬಾಕ್ಸ್ ಮುಂದಿನ ಸೀಲ್.

ಆಲ್ದೂರು ಜಿಪ್ಸಿ:

ಅಣ್ಣ, ಭಾನುವಾರ ನಾನು ಮತ್ತು ಚಿಕ್ಕಪ್ಪ ಸೇರಿ ಕಾಫಿ ಕಣದಲ್ಲೇ ಇಳಿಸಿದೆವು. ಕಂಡದ್ದನ್ನು ಹಾಗೇ ಬರೀತೀನಿ.

ಆಯಿಲ್ ಅರ್ಧ ಲೀಟರ್ ಕೂಡ ಬರಲಿಲ್ಲ. ಕ್ಲಚ್ ಪ್ಲೇಟ್ ಸವೆದೇ ಇಲ್ಲ, ರಿವೆಟ್ ತಲೆ ಇನ್ನೂ ಆಳದಲ್ಲೇ ಇದೆ. ಆದರೆ ಮೇಲ್ಮೈ ಗಾಜಿನ ಹಾಗೆ ಹೊಳೀತಿದೆ, ಅಂಚಿನಲ್ಲೆಲ್ಲ ಆಯಿಲ್. ಮೂಸಿದೆ, ಗಂಧಕದ ಘಾಟು. ಫ್ಲೈವೀಲ್ ಮೇಲೆ ನೀಲಿ ಕಲೆಗಳು. ಇನ್‌ಪುಟ್ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಮರಳು ಹಾಕಿದ ಹಾಗೆ ಗರಗರ ಅನ್ನುತ್ತೆ.

ಇನ್ನೊಂದು ವಿಷಯ. ಗೇರ್‌ಬಾಕ್ಸ್ ಮೇಲಿನ ಬ್ರೀದರ್ ಪೈಪ್ ಕಿತ್ತುಹೋಗಿ, ಬರಿಯ ಮೂತಿ ಉಳಿದಿತ್ತು. ಅದರ ಬಾಯಿಗೆ ಕಲ್ಲಿನ ಹಾಗೆ ಗಟ್ಟಿಯಾದ ಮಣ್ಣು. ತಂತಿ ಹಾಕಿ ಕೆದಕಿದರೆ ಒಳಗೆ ಕಣಜದ ಗೂಡು ಸಿಕ್ಕಿತು. ಇದಕ್ಕೂ ಕ್ಲಚ್ಚಿಗೂ ಸಂಬಂಧ ಇದೆಯಾ?

ಹಾಸನ ಲೇತ್:

ಇದೆ. ನಿಮ್ಮ ಕ್ಲಚ್ ಹಾಳು ಮಾಡಿದ್ದು ಅದೇ.

ಗಿರಿ ಹತ್ತಿದಾಗ ಗೇರ್‌ಬಾಕ್ಸ್ ಬಿಸಿಯಾಗುತ್ತೆ, ಒಳಗಿನ ಗಾಳಿ ಹಿಗ್ಗುತ್ತೆ. ಅದು ಹೊರಗೆ ಹೋಗಲಿಕ್ಕೆ ಇರೋ ದಾರಿಯೇ ಬ್ರೀದರ್. ಬ್ರೀದರ್ ಮುಚ್ಚಿದ್ದರಿಂದ ಆ ಒತ್ತಡ ಮುಂದಿನ ಸೀಲ್ ದಾಟಿ ಆಯಿಲನ್ನು ಕ್ಲಚ್ ಮನೆಗೆ ತಳ್ಳಿದೆ. ಪ್ಲೇಟ್‌ಗೆ ಆಯಿಲ್ ಹಿಡಿದು ಜಾರಿದೆ, ಜಾರಿ ಬಿಸಿಯಾಗಿ ಗಾಜಾಗಿದೆ. ಇತ್ತ ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಕಡಿಮೆಯಾಗಿ ಬೇರಿಂಗ್ ಒಣಗಿದೆ, ಸಿಂಕ್ರೊ ಸವೆದಿದೆ. ನಿಮ್ಮ ಮೂರೂ ಲಕ್ಷಣಕ್ಕೆ ಬೇರು ಒಂದೇ. ಮೊದಲ ಸಲವೇ ನಾನು ಬೇರೆ ಬೇರೆ ಜಾಗ ಅಂದಿದ್ದೆ, ಭಾಗಗಳು ಬೇರೆ ಅನ್ನೋದು ನಿಜ, ಆದರೆ ಕಾರಣ ಒಂದೇ ಇತ್ತು.

ಆಯಿಲ್ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕ್ತೀವಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಬಿಸಿಯಾದಾಗ ಒಳಗಿನದು ಮತ್ತೆ ಹೊರಬರುತ್ತೆ. ಹೊಸ ಪ್ಲೇಟ್ ಬೇಕು. ಫ್ಲೈವೀಲನ್ನು ಲೇತ್‌ಗೆ ಕೊಟ್ಟು ಒಂದು ಪದರ ತೆಗೆಸಿ, ನೀಲಿ ಕಲೆ ಜಾಗದಲ್ಲಿ ಬಿರುಕಿದ್ದರೆ ಮಾತ್ರ ಹೊಸದು. ಫ್ಲೈವೀಲ್ ಬಿಚ್ಚಿದ ಮೇಲೆ ಇಂಜಿನ್ ಹಿಂದಿನ ಸೀಲ್, ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಎಲ್ಲ ಬದಲಿಸಿ. ಆ ಸೀಲ್ ಬೆಲೆ ಕಡಿಮೆ, ಅದಕ್ಕೋಸ್ಕರ ಮತ್ತೊಮ್ಮೆ ಗೇರ್‌ಬಾಕ್ಸ್ ಇಳಿಸುವ ಶ್ರಮ ದೊಡ್ಡದು.

ಈಗ ಸಿಂಕ್ರೊ. ಎರಡನೇ ಗೇರ್‌ನ ಕೋನ್ ಮೇಲೆ ರಿಂಗ್ ಕೂರಿಸಿ ಬೆರಳಲ್ಲಿ ಒತ್ತಿ ಹಿಡಿದು, ರಿಂಗಿಗೂ ಗೇರಿನ ಸಣ್ಣ ಹಲ್ಲಿಗೂ ನಡುವಿನ ಸಂದಿಯನ್ನು ಫೀಲರ್ ಗೇಜ್‌ನಲ್ಲಿ ಅಳೆಯಿರಿ. ಹೊಸದರಲ್ಲಿ 1 ಮಿ.ಮೀ. ಅಥವಾ ಸ್ವಲ್ಪ ಜಾಸ್ತಿ. 0.5ಕ್ಕಿಂತ ಕಡಿಮೆ ಬಂದರೆ ರಿಂಗ್ ಮುಗಿದಿದೆ. ಆ ಸಣ್ಣ ಹಲ್ಲುಗಳ ತುದಿಯನ್ನೂ ಉಗುರಲ್ಲಿ ಸವರಿ ನೋಡಿ. ಚೂಪಾಗಿದ್ದರೆ ರಿಂಗ್ ಮಾತ್ರ ಸಾಕು. ದುಂಡಗಾಗಿದ್ದರೆ ಹೊಸ ರಿಂಗ್ ಹಾಕಿದರೂ ಗೇರ್ ಹೊರಗೆ ಹಾರುತ್ತೆ, ಗೇರನ್ನೂ ಬದಲಿಸಬೇಕಾಗುತ್ತೆ. ಬಿಚ್ಚಿದ ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಹಬ್ ಮತ್ತು ಸ್ಲೀವ್ ಜೋಡಿ ತಪ್ಪಿಸಬೇಡಿ, ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ.

ಗಿರಿ ಸರ್ವಿಸ್:

ರ‍್ಯಾಲಿ ಸರ್ವಿಸ್ ತಂಡದಲ್ಲಿ ಕೆಲವು ವರ್ಷ ಇದ್ದವನು ನಾನು, ಎರಡು ಮಾತು ಸೇರಿಸ್ತೀನಿ. ಈ ಇಂಜಿನ್ನಿನ 103 ಎನ್‌ಎಂ ಎಳೆತ ಸಿಗೋದೇ 4500 ಆರ್‌ಪಿಎಂನಲ್ಲಿ. ಕೆಳಗೆ ಎಳೆತ ಕಡಿಮೆ ಅಂತ ಏರಿನಲ್ಲಿ ಎಲ್ಲರೂ ಹಾಫ್ ಕ್ಲಚ್ ಹಿಡಿದು ನಿಲ್ತಾರೆ. ತೋಟದ ಕೆಸರು ದಾರಿಯಲ್ಲಿ ಗೊಬ್ಬರದ ಚೀಲ ತುಂಬಿಕೊಂಡು ಹತ್ತುವಾಗ ಫೋರ್ ಲೋಗೆ (ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ನಿಧಾನದ ಗೇರ್) ಹಾಕಿ, ಕ್ಲಚ್ಚಿನ ಮೇಲಿನ ಭಾರ ಇಳಿಯುತ್ತೆ. ಟಾರ್ ರಸ್ತೆಯಲ್ಲಿ ಮಾತ್ರ ಬೇಡ. ಇನ್ನೊಂದು, ಹೊಸ ಪ್ಲೇಟ್ ಕೂರಿಸುವಾಗ ಮಧ್ಯಕ್ಕೆ ಹಿಡಿಯಲು ಅಲೈನ್‌ಮೆಂಟ್ ಟೂಲ್ ಬಳಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸ್ಪ್ಲೈನ್‌ಗೆ ಗ್ರೀಸ್ ಉಗುರಿನಷ್ಟು ಸವರಿದರೆ ಸಾಕು.

ಆಲ್ದೂರು ಜಿಪ್ಸಿ:

ಸಂದಿ 0.3 ಬಂತು. ಸಣ್ಣ ಹಲ್ಲು ಚೂಪಾಗೇ ಇದ್ದವು, ಗೇರ್ ಉಳೀತು. ರಿಂಗ್, ಇನ್‌ಪುಟ್ ಬೇರಿಂಗ್, ಸೀಲ್‌ಗಳು, ಕ್ಲಚ್ ಸೆಟ್ ಎಲ್ಲ ಹಾಕಿದೆವು. ಫ್ಲೈವೀಲ್ ಹಾಸನದಲ್ಲೇ ಲೇತ್ ಮಾಡಿಸಿದೆ, ಬಿರುಕಿರಲಿಲ್ಲ. ಆಯಿಲ್ ಜಿಎಲ್-4, ಫಿಲ್ಲರ್ ತೂತಿನ ಅಂಚಿಗೆ ಬಂದು ಹನಿಯುವ ತನಕ ತುಂಬಿದೆ.

ಮೊದಲ 500 ಕಿ.ಮೀ. ಮೆಲ್ಲಗೆ ಓಡಿಸಿದೆ, ಆಮೇಲೆ ಮೊನ್ನೆ ಗಿರಿ ಹತ್ತಿಸಿದೆ. ಮೂರನೇ ಗೇರ್‌ನಲ್ಲಿ ಒತ್ತಿದರೆ ಒತ್ತಿದಷ್ಟೂ ಎಳೀತು. ತಿರುವಿನಲ್ಲಿ ಎರಡಕ್ಕೆ ಇಳಿಸಿದಾಗ ಸದ್ದೇ ಇಲ್ಲ, ಚಿಕ್ಕಪ್ಪ ಪಕ್ಕದಲ್ಲಿ ಕೂತು ಲಿವರ್ ಮೇಲೆ ಕೈಯಿಟ್ಟು ನೋಡಿದರು.

ಬ್ರೀದರ್‌ಗೆ ಹೊಸ ರಬ್ಬರ್ ಪೈಪ್ ಹಾಕಿ ಬಾನೆಟ್ ಒಳಗೆ ಬ್ಯಾಟರಿ ಎತ್ತರಕ್ಕೆ ಎಳೆದು ಕಟ್ಟಿದ್ದೇನೆ, ತುದಿ ಕೆಳಮುಖ ಮಾಡಿ ತೆಳು ಜಾಲರಿ ಸುತ್ತಿದ್ದೇನೆ. ಮಳೆಗಾಲದಲ್ಲಿ ಹಳ್ಳ ದಾಟುವಾಗಲೂ ನೀರು ಒಳಗೆ ಹೋಗಬಾರದಲ್ಲ. ಟ್ರಾನ್ಸ್‌ಫರ್ ಕೇಸ್ ಬ್ರೀದರ್ ಇನ್ನೂ ಬಿಚ್ಚಿಲ್ಲ, ನಾಳೆ ಅದನ್ನು ನೋಡ್ತೀನಿ.

ಕೊಟ್ಟಿಗೆಹಾರ ಘಾಟಿ:

ಇದನ್ನು ಓದಿ ನನ್ನ ಗಾಡಿಯ ಬ್ರೀದರನ್ನೂ ಈಗಷ್ಟೇ ಬಿಚ್ಚಿ ನೋಡಿದೆ. ಮಣ್ಣು ಅರ್ಧ ಮುಚ್ಚಿತ್ತು. ತೆಗೆದಿದ್ದೇನೆ. ಪೈಪ್ ಯಾವ ಅಳತೆಯದು ಹಾಕಿದಿರಿ?

ಆಲ್ದೂರು ಜಿಪ್ಸಿ:

ಹಳೇ ತುಂಡನ್ನೇ ಅಂಗಡಿಗೆ ತಗೊಂಡು ಹೋಗಿದ್ದೆ, ಅದಕ್ಕೆ ಹೊಂದುವ ಪೆಟ್ರೋಲ್ ಪೈಪ್ ಕೊಟ್ಟರು. ಎರಡು ಕ್ಲಿಪ್ ಮರೀಬೇಡಿ.